ಗಡಸು ನೀರೂ ಗೀಸರೂ

ಬಚ್ಚಲುಮನೆಯ ತಾಮ್ರದ ಹಂಡೆಯನ್ನು ಕಂಡವರು ಅದರ ಒಳಮೈಗೆ ಅಂಟಿದ ಬಿಳಿಯ ಹಕ್ಕಳೆಯನ್ನೂ ಕಂಡಿರಬೇಕು. ಈಗ ಅನೇಕ ಮನೆಗಳಲ್ಲಿ ಹಂಡೆಯ ಸ್ಥಾನಕ್ಕೆ ವಿದ್ಯುತ್ ಗೀಸರು ಬಂದಿದೆ. ಹಕ್ಕಳೆ ಮಾತ್ರ ಹೋಗಿಲ್ಲ. ಕಣ್ಣಿಗೆ ಕಾಣದ ಕಡೆಗೆ ಸರಿದಿದೆ, ಅಷ್ಟೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಲ್ಲಿ ಬಾಡಿಗೆಯ ಮನೆ ಹಿಡಿದಿರುವವರು ಈ ಹಕ್ಕಳೆಯ ಗುಣವನ್ನು ಅರಿತಿರುವುದು ಹಣಕ್ಕೂ ಪ್ರಾಣಕ್ಕೂ ಕ್ಷೇಮ.

ಈ ತಾಲ್ಲೂಕುಗಳಲ್ಲಿ ಮನೆಬಳಕೆಗೆ ಬಹುಮಟ್ಟಿಗೆ ಕೊಳವೆ ಬಾವಿಯ ನೀರೇ ಗತಿ. ಮಳೆಯ ನೀರು ಮಣ್ಣಿನಲ್ಲಿ ಇಂಗುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಆಮ್ಲಗುಣವನ್ನು ಪಡೆಯುತ್ತದೆ. ಬಳಿಕ ನೈಸ್ ಮತ್ತು ಗ್ರಾನೈಟ್ ಶಿಲೆಗಳ ಬಿರುಕುಗಳಲ್ಲಿ ಬಹುಕಾಲ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಳ್ಳುತ್ತದೆ. ಇದೇ ಗಡಸು ನೀರು. ಇದರಲ್ಲಿ ಸೋಪು ಸುಲಭವಾಗಿ ನೊರೆಯಾಗದು, ಬೇಳೆ ಬೇಗ ಬೇಯದು. ಭಾರತೀಯ ಮಾನಕದಂತೆ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು.

ಸಕ್ಕರೆ ತಣ್ಣೀರಿಗಿಂತ ಬಿಸಿನೀರಿನಲ್ಲಿ ಹೆಚ್ಚಾಗಿ ಕರಗುವುದನ್ನು ನಾವು ಬಲ್ಲೆವು. ಸುಣ್ಣದ ಲವಣದ ರೀತಿ ಇದಕ್ಕೆ ವಿರುದ್ಧ. ನೀರು ಕಾದಂತೆ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬನೇಟು ಒಡೆದು, ಇಂಗಾಲದ ಡೈಆಕ್ಸೈಡು ಹೊರಹೋಗಿ, ಕರಗದ ಕ್ಯಾಲ್ಸಿಯಂ ಕಾರ್ಬನೇಟು ಉಳಿಯುತ್ತದೆ. ಎಲ್ಲಿ ಶಾಖ ಅತಿಯಾಗಿರುವುದೋ ಅಲ್ಲಿಯೇ ಅದು ಹೆಚ್ಚಾಗಿ ಕೂರುತ್ತದೆ. ಗೀಸರಿನಲ್ಲಿ ಆ ಸ್ಥಳವೆಂದರೆ ನೀರನ್ನು ಕಾಯಿಸುವ ಸುರುಳಿ. ಲೀಟರಿಗೆ 400 ಮಿಲಿಗ್ರಾಂ ಗಡಸುತನವುಳ್ಳ ನೀರನ್ನು ದಿನಕ್ಕೆ 60 ಲೀಟರಿನಂತೆ ಕಾಯಿಸುವ ಮನೆಯೊಂದನ್ನು ಊಹಿಸಿ. ದಿನವೂ 24 ಗ್ರಾಂ ಲವಣ ಗೀಸರನ್ನು ಹಾದುಹೋಗುತ್ತದೆ. ಹತ್ತರಲ್ಲಿ ಒಂದು ಪಾಲು ಮಾತ್ರ ಒಳಗೆ ನಿಂತರೂ ವರ್ಷಕ್ಕೆ ಮುಕ್ಕಾಲು ಕಿಲೋಗ್ರಾಮಿಗಿಂತ ಹೆಚ್ಚಾಯಿತು!

ಇದರಿಂದ ವಿದ್ಯುತ್ತಿನ ಬಿಲ್ಲು ಬಹಳ ಏರುವುದೆಂದು ಅನೇಕರು ನಂಬಿದ್ದಾರೆ. ಇದು ಅಷ್ಟಾಗಿ ನಿಜವಲ್ಲ. ಸೌದೆಯ ಒಲೆಯಲ್ಲಿ ಉರಿ ಹಂಡೆಯ ಹೊರಗಿರುತ್ತದೆ. ಹಕ್ಕಳೆ ತಡೆದ ಶಾಖ ಹೊಗೆಯೊಡನೆ ಹೊರಟುಹೋಗುತ್ತದೆ. ಗೀಸರಿನ ಸುರುಳಿಯಾದರೋ ನೀರಿನಲ್ಲೇ ಮುಳುಗಿರುವುದರಿಂದ ಅದರ ಶಾಖ ತಡವಾಗಿಯಾದರೂ ನೀರನ್ನೇ ಸೇರಬೇಕು. 15 ಲೀಟರು ನೀರನ್ನು 25 ಡಿಗ್ರಿಯಿಂದ 60 ಡಿಗ್ರಿ ಸೆಂಟಿಗ್ರೇಡಿಗೆ ಏರಿಸಲು 2 ಕಿಲೋವಾಟ್ ಸುರುಳಿಗೆ ಸುಮಾರು 18 ನಿಮಿಷ ಬೇಕು, ವೆಚ್ಚ 0.6 ಯೂನಿಟ್ಟಿಗಿಂತ ತುಸು ಹೆಚ್ಚು. ಹಕ್ಕಳೆಯಿಂದ ಈ ಲೆಕ್ಕ ಹೆಚ್ಚೇನೂ ಬದಲಾಗದು.

ಹಾಗಾದರೆ ನಷ್ಟವೆಲ್ಲಿ? ನಷ್ಟವೂ ಅಪಾಯವೂ ಸುರುಳಿಯಲ್ಲಿಯೇ ಇವೆ. ಅದರ ಲೋಹದ ಕೊಳವೆಯೊಳಗೆ ನಿಕ್ರೋಮ್ ತಂತಿಯಿದ್ದು, ಎರಡರ ನಡುವೆ ಮೆಗ್ನೀಸಿಯಂ ಆಕ್ಸೈಡಿನ ಪುಡಿಯನ್ನು ಒತ್ತಾಗಿ ತುಂಬಿರುತ್ತಾರೆ. ಈ ಪುಡಿ ಶಾಖವನ್ನು ಬಿಡುತ್ತದೆ, ವಿದ್ಯುತ್ತನ್ನು ತಡೆಯುತ್ತದೆ. ಹಕ್ಕಳೆಯು ಶಾಖವನ್ನು ಸಾಗಿಸುವ ಶಕ್ತಿ ತಾಮ್ರದ ನೂರರಲ್ಲೊಂದು ಪಾಲೂ ಅಲ್ಲ. ಆದ್ದರಿಂದ ಹಕ್ಕಳೆ ಹೊದ್ದ ಕೊಳವೆ ಮಿತಿಮೀರಿ ಕಾದು, ಕೊನೆಗೊಂದು ದಿನ ಸೀಳುತ್ತದೆ. ಒಳಹೊಕ್ಕ ನೀರು ಪುಡಿಯನ್ನು ನೆನೆಸಿತೆಂದರೆ ವಿದ್ಯುತ್ತು ನೀರಿಗೂ ತೊಟ್ಟಿಗೂ ನಲ್ಲಿಗೂ ಹರಿಯಲು ದಾರಿಯಾಯಿತು. ಒದ್ದೆ ಮೈಯಲ್ಲಿ ನಿಂತವನನ್ನು ಆಗ ಕಾಯುವುವು ಎರಡೇ: ಸರಿಯಾದ ಅರ್ತಿಂಗ್, ಮತ್ತು 30 ಮಿಲಿಆಂಪಿಯರ್ ಸೋರಿದೊಡನೆ ವಿದ್ಯುತ್ತನ್ನು ಕಡಿಯುವ ಆರ್‌ಸಿಸಿಬಿ ಎಂಬ ರಕ್ಷಕ ಸ್ವಿಚ್ಚು. ಮೂರು ಕಂಡಿಯ ಪ್ಲಗ್ಗು ಇದ್ದಮಾತ್ರಕ್ಕೆ ಅರ್ತಿಂಗ್ ಇದೆಯೆಂದು ನಂಬಬಾರದು. ಮನೆ ಸೇರುವಾಗಲೇ ಎಲೆಕ್ಟ್ರಿಷಿಯನ್ನರಿಂದ ಪರೀಕ್ಷಿಸಬೇಕು.

ಹಕ್ಕಳೆ ಬೆಳೆದಿರುವುದಕ್ಕೆ ಕೆಲವು ಗುರುತುಗಳುಂಟು. ಕಾಯುವಾಗ ಕಟಕಟ ಸದ್ದಾಗುವುದು ಹಕ್ಕಳೆಯಡಿಯ ನೀರು ಆವಿಯಾಗುವುದರಿಂದ. ನೀರು ಬೆಚ್ಚಗಾಗುವ ಮೊದಲೇ ದೀಪ ಆರುವುದು, ನಲ್ಲಿಯಲ್ಲಿ ಬಿಳಿಯ ಚೂರು ಬರುವುದು ಇತರ ಗುರುತುಗಳು. ಥರ್ಮೋಸ್ಟಾಟನ್ನು 60 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟರೆ ಹಕ್ಕಳೆ ನಿಧಾನವಾಗಿ ಬೆಳೆಯುತ್ತದೆ. ಗಡಸು ನೀರಿನ ಊರಿನಲ್ಲಿ ವರ್ಷಕ್ಕೊಮ್ಮೆ ತಿಳಿದವರಿಂದ ಗೀಸರನ್ನು ಬಿಚ್ಚಿಸಿ, ಸಿಟ್ರಿಕ್ ಆಮ್ಲದಂತಹ ಮೃದು ಆಮ್ಲದಲ್ಲಿ ಸುರುಳಿಯನ್ನು ತೊಳೆಸುವುದು ಲೇಸು. ಆಗಲೇ ತೊಟ್ಟಿಯೊಳಗಿನ ಮೆಗ್ನೀಸಿಯಂ ಕಡ್ಡಿಯನ್ನೂ ನೋಡಬೇಕು. ತಾನು ಸವೆದು ಉಕ್ಕಿನ ತೊಟ್ಟಿಯನ್ನು ತುಕ್ಕಿನಿಂದ ಕಾಯುವುದೇ ಇದರ ಕೆಲಸ. ಹಡಗುಗಳ ತಾಮ್ರದ ಹೊದಿಕೆಯನ್ನು ಕಾಪಾಡಲು 1824ರಲ್ಲಿ ಹಂಫ್ರಿ ಡೇವಿ ಸೂಚಿಸಿದ ಉಪಾಯವೂ ಇದೇ ತತ್ತ್ವದ್ದು.

ನೀರು 25ರಿಂದ 75 ಡಿಗ್ರಿಗೆ ಕಾದರೆ ಶೇಕಡಾ 2ಕ್ಕಿಂತ ಹೆಚ್ಚು ಹಿಗ್ಗುತ್ತದೆ. 15 ಲೀಟರಿನಲ್ಲಿ ಇದು ಸುಮಾರು ಮೂರನೆಯ ಒಂದು ಲೀಟರು. ಸುರಕ್ಷಾ ಕವಾಟದಿಂದ ಕಾಯುವಾಗ ಹನಿ ತೊಟ್ಟಿಕ್ಕುವುದು ಈ ಕಾರಣದಿಂದಲೇ. ಅದನ್ನು ಸೋರಿಕೆಯೆಂದು ಬಗೆದು ಮುಚ್ಚಿದರೆ ತೊಟ್ಟಿಯೇ ಸಿಡಿಯಬಹುದು.

ಇದಕ್ಕೆಲ್ಲ ಹಣ ಕೊಡುವವರಾರು? 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೆಯ ಪ್ರಕರಣದಂತೆ, ಬೇರೆ ಕರಾರು ಇಲ್ಲದಿದ್ದರೆ, ಬಾಡಿಗೆದಾರನು ಸ್ವತ್ತನ್ನು ತಾನು ಪಡೆದ ಸ್ಥಿತಿಯಲ್ಲಿಯೇ ಇಟ್ಟುಕೊಳ್ಳಬೇಕು. ಸಹಜ ಸವೆತಕ್ಕೆ ಮಾತ್ರ ಅವನು ಹೊಣೆಯಲ್ಲ. ಸುಟ್ಟ ಸುರುಳಿ ಸಹಜ ಸವೆತವೋ ಅಲಕ್ಷ್ಯದ ಫಲವೋ ಎಂಬ ವಾದ ಏಳದಿರಲು, ಗೀಸರಿನ ಸ್ಥಿತಿಯನ್ನೂ ವರ್ಷದ ತೊಳೆತದ ವೆಚ್ಚ ಯಾರದೆಂಬುದನ್ನೂ ಕರಾರುಪತ್ರದಲ್ಲಿಯೇ ಬರೆಸಿಕೊಳ್ಳುವುದು ಇಬ್ಬರಿಗೂ ಹಿತ. ಅರ್ತಿಂಗಿನ ಪರೀಕ್ಷೆಯನ್ನು ಮಾತ್ರ ಆ ಮಾತುಕತೆ ಮುಗಿಯುವವರೆಗೆ ಮುಂದೂಡಬಾರದು.