ಕಾಲೇಜಿನಲ್ಲೂ ಕಾಡುವ ಕಲಿಕೆಯ ತೊಂದರೆ: ನೆರವು ಎಲ್ಲಿದೆ?

ಪಿಯುಸಿಯವರೆಗೆ ಹೇಗೋ ಪಾಸಾಗಿ ಬಂದ ಹುಡುಗ ಪದವಿಯ ಮೊದಲ ವರ್ಷದಲ್ಲೇ ಮುಗ್ಗರಿಸುತ್ತಾನೆ. ಪಾಠವನ್ನು ಬಾಯಲ್ಲಿ ಚೆನ್ನಾಗಿ ಹೇಳಬಲ್ಲ. ಬರೆಯಲು ಕೂತರೆ ಮೂರು ಗಂಟೆಯಲ್ಲಿ ಅರ್ಧ ಪತ್ರಿಕೆಯೂ ಮುಗಿಯುವುದಿಲ್ಲ. ಮನೆಯವರು ಮೊಬೈಲ್ ಮೇಲೆ ತಪ್ಪು ಹೊರಿಸುತ್ತಾರೆ, ಅಧ್ಯಾಪಕರು ಗಮನವಿಲ್ಲ ಎನ್ನುತ್ತಾರೆ. 'ನೆನಪಿನ ಶಕ್ತಿಗೆ ಒಂದು ಟಾನಿಕ್ ಬರೆದುಕೊಡಿ ಡಾಕ್ಟ್ರೇ' ಎಂದು ತಂದೆತಾಯಿ ನಮ್ಮಲ್ಲಿಗೆ ಬರುವುದು ಆಗಲೇ. ಇಂಥವರಲ್ಲಿ ಕೆಲವರಿಗೆ ಇರುವುದು ಸೋಮಾರಿತನವೂ ಅಲ್ಲ, ದಡ್ಡತನವೂ ಅಲ್ಲ. ಡಿಸ್‌ಲೆಕ್ಸಿಯಾ ಅಥವಾ ಡಿಸ್‌ಪ್ರಾಕ್ಸಿಯಾ.

ಏನಿದು?

ಡಿಸ್‌ಲೆಕ್ಸಿಯಾ ಎಂದರೆ ಅಕ್ಷರವನ್ನು ಅದರ ಧ್ವನಿಯೊಂದಿಗೆ ಥಟ್ಟನೆ ಜೋಡಿಸಿಕೊಳ್ಳಲು ಮಿದುಳಿಗೆ ಆಗುವ ಕಷ್ಟ. ಇದರಿಂದ ಓದು ನಿಧಾನವಾಗುತ್ತದೆ, ಕಾಗುಣಿತ ತಪ್ಪುತ್ತದೆ. ಡಿಸ್‌ಪ್ರಾಕ್ಸಿಯಾದಲ್ಲಿ ಕೈಕಾಲುಗಳಿಗೆ ಬಲವಿದ್ದರೂ ಚಲನೆಗಳ ಹೊಂದಾಣಿಕೆ ಸಾಲದು. ಅಕ್ಷರ ಅಂಕುಡೊಂಕಾಗುತ್ತದೆ, ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ಕೈಜಾರುತ್ತದೆ, ದಿನದ ಕೆಲಸಗಳನ್ನು ಒಂದರ ನಂತರ ಒಂದರಂತೆ ಹೊಂದಿಸಿಕೊಳ್ಳುವುದೂ ಕಷ್ಟ. ಎರಡೂ ಹುಟ್ಟಿನಿಂದ ಬಂದವು. ಅನೇಕರಲ್ಲಿ ಒಟ್ಟಿಗೇ ಇರುತ್ತವೆ. ಇವಕ್ಕೂ ಬುದ್ಧಿಮಟ್ಟಕ್ಕೂ ಸಂಬಂಧವಿಲ್ಲ.

ಇಷ್ಟು ವರ್ಷ ಗೊತ್ತಾಗಲಿಲ್ಲವೇಕೆ ಎಂದು ನೀವು ಕೇಳಬಹುದು. ಕನ್ನಡ ಬಹುಮಟ್ಟಿಗೆ ಬರೆದಂತೆಯೇ ಓದುವ ಭಾಷೆ. ಒತ್ತಕ್ಷರ ಬಿಡುವುದು, ದೀರ್ಘ ಮರೆಯುವುದು, 'ಮ'-'ಯ', 'ಪ'-'ಷ' ಅದಲುಬದಲಾಗುವುದು ಕಂಡರೂ ಮಗು ಓದು ಕಲಿತುಬಿಡುತ್ತದೆ, ನಿಧಾನ ಮಾತ್ರ. ಇಂಗ್ಲಿಷಿನಲ್ಲಿ ಹಾಗಲ್ಲ, ಬರೆಯುವುದೊಂದು, ಉಚ್ಚರಿಸುವುದೊಂದು. ಕನ್ನಡ ಮಾಧ್ಯಮದಿಂದ ಬಂದವರು ಕಾಲೇಜಿನಲ್ಲಿ ದಪ್ಪ ಇಂಗ್ಲಿಷ್ ಪುಸ್ತಕ ಹಿಡಿದಾಗ, ಅಲ್ಲಿಯವರೆಗೆ ಉರುಹೊಡೆದು ಮುಚ್ಚಿಟ್ಟಿದ್ದ ತೊಂದರೆ ಬಯಲಾಗುತ್ತದೆ.

ಮೊದಲು ಪರೀಕ್ಷೆ

ಕಣ್ಣು, ಕಿವಿ ಪರೀಕ್ಷಿಸಿಕೊಳ್ಳಿ. ಖಿನ್ನತೆ, ನಿದ್ರಾಹೀನತೆ, ರಕ್ತಹೀನತೆಗಳೂ ಓದನ್ನು ಕೆಡಿಸುತ್ತವೆ. ಆದರೆ ಅವು ಇತ್ತೀಚೆಗೆ ಶುರುವಾದವು. ಕಲಿಕೆಯ ತೊಂದರೆ ಬಾಲ್ಯದಿಂದಲೇ ಇರುತ್ತದೆ. ಹಳೆಯ ನೋಟ್‌ಬುಕ್, ಅಂಕಪಟ್ಟಿಗಳಿದ್ದರೆ ಜೊತೆಗೆ ಒಯ್ಯಿರಿ. ಖಚಿತ ನಿರ್ಣಯ ಮನಶ್ಶಾಸ್ತ್ರಜ್ಞರ ಪರೀಕ್ಷೆಯಿಂದ ಆಗಬೇಕು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳು ಈ ಕ್ಷೇತ್ರದಲ್ಲಿ ಹೆಸರಾದವು. ಪ್ರಮಾಣಪತ್ರಕ್ಕೆ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಶಾಲೆಯಲ್ಲಿದ್ದಾಗ ಪಡೆದ ಪತ್ರವಿದ್ದರೆ ಅದರ ಅವಧಿ ಮುಗಿದಿದೆಯೇ ನೋಡಿಕೊಳ್ಳಿ; 18 ತುಂಬಿದ ಮೇಲೆ ಮರುಪರೀಕ್ಷೆ ಬೇಕಾಗಬಹುದು.

ಕಾನೂನು ಏನು ಕೊಡುತ್ತದೆ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದು ಪಟ್ಟಿ ಮಾಡಿರುವ 21 ವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಡಿಸ್‌ಲೆಕ್ಸಿಯಾ, ಡಿಸ್‌ಪ್ರಾಕ್ಸಿಯಾ ಎರಡೂ ಅದರಲ್ಲಿ ಬರುತ್ತವೆ. ತೊಂದರೆ ಶೇ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರವಿದ್ದರೆ, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ವಿಕಲಚೇತನರಿಗಾಗಿ ಕಾದಿರಿಸಿದ ಕನಿಷ್ಠ ಶೇ 5 ಸೀಟುಗಳಿಗೆ ಅರ್ಜಿ ಹಾಕಬಹುದು. ಪ್ರವೇಶದ ಗರಿಷ್ಠ ವಯಸ್ಸಿನಲ್ಲಿ 5 ವರ್ಷ ಸಡಿಲಿಕೆಯೂ ಇದೆ.

ಪರೀಕ್ಷೆಯ ಬಗ್ಗೆ ಕೇಂದ್ರ ಸರ್ಕಾರ 2018ರ ಆಗಸ್ಟ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಮುಖ್ಯವಾದುದು. ಅದರಂತೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ, ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಅಗತ್ಯವಿದ್ದವರಿಗೆ ಬರೆದುಕೊಡುವವರು, ಓದಿ ಹೇಳುವವರು, ಪ್ರಯೋಗಾಲಯದ ಸಹಾಯಕರು ಸಿಗಬಹುದು. ಶೇ 40ಕ್ಕಿಂತ ಕಡಿಮೆ ಇದ್ದವರು ನಿರಾಶರಾಗಬೇಕಿಲ್ಲ. ಬರೆದುಕೊಡುವವರ ನೆರವಿಗೆ ಶೇ 40ರ ಮಿತಿ ಹೇರಬಾರದೆಂದು ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಹೇಳಿತು. ಬಳಿಕ, 2022ರ ಆಗಸ್ಟ್‌ನಲ್ಲಿ, ಬರೆಯಲು ಕಷ್ಟವಿರುವ ಇಂಥವರಿಗೂ ಪ್ರತ್ಯೇಕ ಮಾರ್ಗಸೂಚಿ ಬಂದಿತು.

ಆದರೆ ಇವು ತಾವಾಗಿ ಮನೆಬಾಗಿಲಿಗೆ ಬರುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಸಿಕ್ಕ ರಿಯಾಯಿತಿ ಪದವಿಯಲ್ಲೂ ಮುಂದುವರಿಯುತ್ತದೆಂದು ಸುಮ್ಮನಿರಬೇಡಿ. ಕಾಲೇಜಿಗೆ ಸೇರಿದ ತಿಂಗಳಲ್ಲೇ ಪ್ರಮಾಣಪತ್ರದ ಪ್ರತಿಯೊಂದಿಗೆ ಪ್ರಾಂಶುಪಾಲರಿಗೆ ಅರ್ಜಿ ಕೊಟ್ಟು, ಸ್ವೀಕೃತಿ ಪಡೆಯಿರಿ. ಬರೆದುಕೊಡುವವರ ವಿದ್ಯಾರ್ಹತೆ ಎಷ್ಟಿರಬೇಕು, ಕರೆತರುವವರು ಯಾರು ಎಂಬುದನ್ನು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಿಂದ ಬರಹದಲ್ಲಿ ಕೇಳಿಕೊಳ್ಳಿ. ಹಾಲ್ ಟಿಕೆಟ್ ಬಂದ ಮೇಲೆ ಓಡಾಡಿದರೆ ಕೆಲಸ ಕೆಡುತ್ತದೆ.

ಓದಿಗೆ ನೆರವು

* ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಈಗಿನ ಮೊಬೈಲ್‌ಗಳಲ್ಲೇ ಇದೆ, ಕನ್ನಡದಲ್ಲೂ ಇದೆ. ಪುಸ್ತಕ ನೋಡುತ್ತಲೇ ಕೇಳಿಸಿಕೊಂಡರೆ ಅನೇಕರಿಗೆ ಅರ್ಥ ಬೇಗ ಹತ್ತುತ್ತದೆ.
* 2016ರಲ್ಲಿ ಆರಂಭವಾದ 'ಸುಗಮ್ಯ ಪುಸ್ತಕಾಲಯ' ಎಂಬ ಆನ್‌ಲೈನ್ ಗ್ರಂಥಾಲಯ ಅಂಧರಿಗಷ್ಟೇ ಅಲ್ಲ. ಮುದ್ರಿತ ಪುಸ್ತಕ ಓದಲಾಗದ ಇತರರೂ ಸದಸ್ಯರಾಗಬಹುದು.
* ಅಧ್ಯಾಪಕರ ಒಪ್ಪಿಗೆ ಪಡೆದು ಪಾಠ ಧ್ವನಿಮುದ್ರಿಸಿಕೊಳ್ಳಿ, ಬೋರ್ಡಿನ ಫೋಟೊ ತೆಗೆದುಕೊಳ್ಳಿ. ಕೇಳುತ್ತಲೇ ಬರೆಯುವುದು ಇವರಿಗೆ ಅತಿ ಕಷ್ಟದ ಕೆಲಸ.
* ಒಂದೇ ಬಾರಿ ಮೂರು ಗಂಟೆ ಕೂರುವ ಬದಲು ಅರ್ಧರ್ಧ ಗಂಟೆ ಓದಿ, ನಡುವೆ ಐದು ನಿಮಿಷ ಎದ್ದು ಓಡಾಡಿ.
* ಡಿಸ್‌ಪ್ರಾಕ್ಸಿಯಾ ಇದ್ದವರು ವಾರದ ಕೆಲಸಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಲಿ. ಕೈಬರಹಕ್ಕಿಂತ ಟೈಪಿಂಗ್ ಸುಲಭವೆನಿಸಿದರೆ ಅದನ್ನೇ ರೂಢಿಸಿಕೊಳ್ಳಲಿ.
* ಬರೆದುಕೊಡುವವರ ಜೊತೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಮೊದಲೇ ಬಿಡಿಸಿ. ಉತ್ತರ ಹೇಳಿ ಬರೆಸುವುದಕ್ಕೂ ಅಭ್ಯಾಸ ಬೇಕು.

ಯಾವ ಟಾನಿಕ್ಕಿನಿಂದಲೂ ಈ ತೊಂದರೆ ಹೋಗುವುದಿಲ್ಲ. ಬಣ್ಣದ ಕನ್ನಡಕ ಓದು ಸುಧಾರಿಸುತ್ತದೆಂಬುದಕ್ಕೂ ಸರಿಯಾದ ಆಧಾರವಿಲ್ಲ. ಆ ಹಣವನ್ನು ಪರೀಕ್ಷೆಗೆ, ತರಬೇತಿಗೆ ಬಳಸಿ.

ಮನೆಯವರಿಗೊಂದು ಮಾತು

ವರ್ಷಗಟ್ಟಲೆ 'ದಡ್ಡ' ಎನಿಸಿಕೊಂಡವರ ಮನಸ್ಸು ಬಹಳ ನೊಂದಿರುತ್ತದೆ. ಅಕ್ಕನೊಂದಿಗೋ ಪಕ್ಕದ ಮನೆಯ ಹುಡುಗನೊಂದಿಗೋ ಹೋಲಿಸಬೇಡಿ. ಮಗ ಅಥವಾ ಮಗಳು ಮಂಕಾಗಿ ಕೂತರೆ, ಬದುಕಿ ಏನು ಪ್ರಯೋಜನ ಎಂಬಂಥ ಮಾತಾಡಿದರೆ ಹಗುರವಾಗಿ ತೆಗೆದುಕೊಳ್ಳದೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ಹೆಚ್ಚುವರಿ ಒಂದು ಗಂಟೆ ಭಿಕ್ಷೆಯಲ್ಲ; ಕಣ್ಣು ಮಂದವಾದವರಿಗೆ ಕನ್ನಡಕವಿದ್ದಂತೆ. ಅದನ್ನು ಕೇಳಿ ಪಡೆಯಲು ಸಂಕೋಚ ಬೇಡ.