ತೂತು ಬಿದ್ದ ಚಿತ್ರ

ಕಚೇರಿಯಲ್ಲಿ ಹತ್ತು ವರ್ಷದಿಂದ ಕಾಗದಗಳಿಗೆ ತೂತು ಹೊಡೆದು ಟ್ಯಾಗು ಕಟ್ಟಿದ ಕೈ ನಮ್ಮದು. ಮನೆಗೆ ಬಂದರೂ ಅದು ಸುಮ್ಮನಿರಬೇಕಲ್ಲ! ಕಳೆದ ತಿಂಗಳು ಮೇಜಿನ ಮೇಲಿದ್ದ ಬಿಲ್ಲುಗಳನ್ನೆಲ್ಲ ಜೋಡಿಸಿ ಯಂತ್ರ ಒತ್ತಿದೆವು. ನಡುವೆ ಸಿಕ್ಕಿಕೊಂಡಿದ್ದ ಒಂದು ಪುಟ್ಟ ಚಿತ್ರಕ್ಕೂ ತೂತು ಬಿತ್ತು. ಅಣ್ಣನ ಮಗಳು ಅಳಲಿಲ್ಲ, ಕೂಗಾಡಲಿಲ್ಲ. “ಚಿಕ್ಕಪ್ಪ, ಇದು ಕೇಳಿದಲ್ಲೆಲ್ಲ ಸಿಗೋದಲ್ಲ” ಎಂದಷ್ಟೇ ಹೇಳಿದಳು. ಆ ರಾತ್ರಿ ಊಟಕ್ಕೆ ಏಳಲಿಲ್ಲ.

ಇನ್ನೊಂದನ್ನು ತಂದುಕೊಟ್ಟರಾಯಿತೆಂದು ಬೆಲೆ ವಿಚಾರಿಸಿದೆವು. ನಮ್ಮ ಮನೆಯ ಒಂದು ತಿಂಗಳ ಹಾಲಿನ ಲೆಕ್ಕಕ್ಕಿಂತ ಹೆಚ್ಚು! ಅಂಗೈಗಿಂತ ಚಿಕ್ಕದಾದ ಕಾಗದಕ್ಕೆ ಇಷ್ಟೇಕೆಂದು ಅವಳನ್ನೇ ಗುರುವಾಗಿ ಮಾಡಿಕೊಂಡು ಕೇಳಿದೆವು.

ಇದಕ್ಕೆ ಫೋಟೋಕಾರ್ಡ್ ಎಂದು ಹೆಸರು. ದಕ್ಷಿಣ ಕೊರಿಯಾದ ಗಾಯಕ ಮೇಳಗಳು ಆಲ್ಬಮಿನೊಳಗೆ ತಮ್ಮಲ್ಲಿ ಯಾರಾದರೊಬ್ಬರ ಚಿತ್ರವನ್ನಿಟ್ಟು ಮುಚ್ಚಿ ಮಾರುತ್ತವೆ. 2010ರಲ್ಲಿ ಗರ್ಲ್ಸ್ ಜನರೇಷನ್ ಮೇಳದ ‘ಓ!’ ಆಲ್ಬಮಿನಿಂದ ಈ ಪದ್ಧತಿ ಬೆಳೆಯಿತು. ಯಾರ ಚಿತ್ರ ಬಂದೀತೆಂಬುದು ಒಡೆಯುವ ತನಕ ತಿಳಿಯದು. ಗುಟ್ಟೆಲ್ಲ ಅಲ್ಲಿಯೇ ಇದೆ.

ಗುಮಾಸ್ತರಿಗೆ ಲೆಕ್ಕವಿಲ್ಲದೆ ಸಮಾಧಾನವಿಲ್ಲ. ಬಿಟಿಎಸ್ ಮೇಳದಲ್ಲಿ 7 ಮಂದಿ. ಆಲ್ಬಮಿಗೆ ಒಂದೇ ಕಾರ್ಡು, ಏಳೂ ಮಂದಿಯದು ಸಮನಾಗಿ ಹಂಚಿದೆ ಎಂದಿಟ್ಟುಕೊಳ್ಳೋಣ. ಏಳನ್ನೂ ಕೂಡಿಸಲು ಸರಾಸರಿ 18 ಆಲ್ಬಮುಗಳನ್ನು ಕೊಳ್ಳಬೇಕಾಗುತ್ತದೆ. ಆರು ಕೈಸೇರಿದ ಮೇಲೆ ಉಳಿದ ಆ ಒಬ್ಬನಿಗಾಗಿಯೇ ಸರಾಸರಿ 7! 13 ಮಂದಿಯಿಂದ ಆರಂಭವಾದ ಸೆವೆಂಟೀನ್ ಮೇಳದಂಥದಕ್ಕೆ ಈ ಲೆಕ್ಕ 41ಕ್ಕೆ ಏರುತ್ತದೆ. ಇಷ್ಟು ಕೊಳ್ಳುವುದಕ್ಕಿಂತ ಬೇಕಾದ ಒಂದನ್ನೇ ಹೆಚ್ಚು ಹಣ ಕೊಟ್ಟು ತರುವುದು, ಇಲ್ಲವೆ ಗೆಳತಿಯರೊಡನೆ ಅದಲುಬದಲು ಮಾಡಿಕೊಳ್ಳುವುದು ಲಾಭ. ಚಿತ್ರವನ್ನಿಟ್ಟುಕೊಂಡು ಡಿಸ್ಕುಗಳನ್ನು ಎಸೆಯುವವರೂ ಉಂಟು. 2021ರಲ್ಲಿ ಹುಟ್ಟಿದ ಕೆಪಾಪ್‌ಫೋರ್‌ಪ್ಲಾನೆಟ್ ಎಂಬ ಅಭಿಮಾನಿಗಳ ಕೂಟ ಇಂಥ ದುಂದಿನ ವಿರುದ್ಧ ದನಿಯೆತ್ತಿದೆ, ಎತ್ತಲೇಬೇಕಾದ ದನಿ.

ಆಲ್ಬಮಿನೊಳಗೆ ಬರುವ ಕಾರ್ಡುಗಳು ಸಾಮಾನ್ಯ ದರ್ಜೆಯವು. ಮುಂಗಡ ಕೊಂಡವರಿಗೆಂದು ಒಂದೊಂದು ಅಂಗಡಿ ಬೇರೆ ಬೇರೆ ಕಾರ್ಡು ಕೊಡುತ್ತದೆ; ಅವಧಿ ಮುಗಿದರೆ ಮತ್ತೆ ಕೊಡುವುದಿಲ್ಲ. ಗಾಯಕರು ಸಹಿ ಹಾಕುವ ಸಭೆಗಳಲ್ಲಿ, ಅದೃಷ್ಟದ ಆಟಗಳಲ್ಲಿ ಹಂಚಿದವು ಇನ್ನೂ ವಿರಳ. ಅಂಚೆ ಚೀಟಿಗೆ ಬೆಲೆ ಬರಲು ಸಾಮಾನ್ಯವಾಗಿ ವರ್ಷಗಳು ಬೇಕು. ಇಂಥ ಕಾರ್ಡಿಗೆ ಒಂದು ಸಂಜೆ ಸಾಕು. ಆದರೆ ವಿರಳವಾದ ಮಾತ್ರಕ್ಕೆ ಬೆಲೆಯಿಲ್ಲ, ಬಯಸುವವರೂ ಬೇಕು. ಒಂದೇ ಮೇಳದ ಇಬ್ಬರ ಚಿತ್ರಗಳು ಒಂದೇ ಸಂಖ್ಯೆಯಲ್ಲಿ ಅಚ್ಚಾಗಿದ್ದರೂ ದರ ಒಂದೇ ಆಗಿರುವುದಿಲ್ಲ. ಇಂದಿನ ದರ ನಾಳೆ ಇಳಿಯಲೂಬಹುದು. ಹೆಣ್ಣುಮಕ್ಕಳ ಒಡವೆಯಂತೆ ಆಪತ್ತಿಗಾದೀತೆಂದು ಯಾರೂ ಇದನ್ನು ಕೊಳ್ಳಬಾರದು.

ಕೊಳ್ಳುವಾಗ ಅವಳು ನಮಗೆ ಹಾಕಿದ ಷರತ್ತುಗಳು ಕಚೇರಿಯ ಸುತ್ತೋಲೆಗಿಂತ ಬಿಗಿ. ಯಾವ ಅಂಗಡಿಯ, ಯಾವ ಆಲ್ಬಮಿನ ಕಾರ್ಡೆಂದು ಮಾರುವವರನ್ನು ಮೊದಲು ಕೇಳಬೇಕು. ನಾಲ್ಕು ಮೂಲೆಗಳ, ಹಿಂಬದಿಯ ಚಿತ್ರ ತರಿಸಬೇಕು. ಬಣ್ಣ ಮಾಸಿದ್ದರೆ, ಅಕ್ಷರ ಮಬ್ಬಾಗಿದ್ದರೆ, ಅಂಚು ಸರಿಯಾಗಿ ಕತ್ತರಿಸಿರದಿದ್ದರೆ ನಕಲಿಯಿರಬಹುದು. ಗೀರು ಬಿದ್ದರೂ ಬೆಲೆ ಇಳಿಯುತ್ತದೆ. ತೂತಿನ ಮಾತು ಅವಳೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಎರಡು ವಾರದ ಮೇಲೆ ಕಾರ್ಡು ಬಂತು. ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಪ್ಲಾಸ್ಟಿಕ್ ಲಕೋಟೆಗೆ ಸೇರಿಸಿದಳು. ಹಳೆಯದನ್ನು ಎಸೆಯಲೇ ಎಂದು ಕೇಳಿದೆವು.

“ಬೇಡ ಚಿಕ್ಕಪ್ಪ. ಅದು ಊರು ಬಿಟ್ಟು ಹೋಗೋವಾಗ ನನ್ನ ಗೆಳತಿ ಕೊಟ್ಟದ್ದು.”

ಈಗ ಅವಳ ಪುಸ್ತಕದಲ್ಲಿ ಎರಡೂ ಅಕ್ಕಪಕ್ಕದಲ್ಲಿವೆ. ತೂತು ಹೊಡೆಯುವ ಯಂತ್ರ ಅವಳ ಕಪಾಟಿನಲ್ಲಿದೆ, ಬೀಗದ ಕೈಯೂ ಅವಳ ಬಳಿಯೇ ಇದೆ.