ಅಲರ್ಜಿ ಚಿಕಿತ್ಸೆ: ಕಾರ್ಡ್ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ?

ಚಿಕಿತ್ಸೆ ಪಡೆಯುವುದು ತವಕ್ಕುಲ್‌ಗೆ ವಿರುದ್ಧವಲ್ಲವೆಂದು ಖುತ್ಬಾಗಳಲ್ಲಿ ನಾವು ಕೇಳುತ್ತಲೇ ಇರುತ್ತೇವೆ. ಪ್ರವಾದಿಯವರು(ಸ) ಸ್ವತಃ ಚಿಕಿತ್ಸೆ ಪಡೆದರು, ಸಹಾಬಿಗಳಿಗೂ ಪಡೆಯಲು ಹೇಳಿದರು. ಆದರೂ ಮಗು ರಾತ್ರಿಯಿಡೀ ಉಬ್ಬಸದಿಂದ ನರಳಿದರೆ ನಮ್ಮಲ್ಲಿ ಅನೇಕರು ಔಷಧದಂಗಡಿಯ ಮಾತ್ರೆಯಲ್ಲೇ ದಿನ ದೂಡುತ್ತೇವೆ. ಅಲರ್ಜಿ ಕ್ಲಿನಿಕ್‌ಗೆ ಹೋದರೆ ಆಯುಷ್ಮಾನ್ ಕಾರ್ಡ್ ನಡೆಯುವುದಿಲ್ಲ ಎನ್ನುತ್ತಾರೆ. ಕಾರಣ ತಿಳಿದರೆ ದಾರಿಯೂ ತಿಳಿಯುತ್ತದೆ.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ಚಿಕಿತ್ಸೆ ಇದೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಅಲರ್ಜಿಯ ತಪಾಸಣೆ, ಚರ್ಮದ ಪರೀಕ್ಷೆ, ತಿಂಗಳ ಔಷಧಗಳೆಲ್ಲ ಹೊರರೋಗಿ ವಿಭಾಗದ ಖರ್ಚು. ಖಾಸಗಿ ಕ್ಲಿನಿಕ್‌ನಲ್ಲಿ ಅದಕ್ಕೆ ಈ ಕಾರ್ಡ್ ಆಗದು.

ಆದ್ದರಿಂದ ಮೊದಲು ಜಿಲ್ಲಾಸ್ಪತ್ರೆ ಅಥವಾ ಸರ್ಕಾರಿ ಮೆಡಿಕಲ್ ಕಾಲೇಜಿನ ಹೊರರೋಗಿ ವಿಭಾಗಕ್ಕೆ ಹೋಗೋಣ. ಅಲ್ಲಿ 'ಅಲರ್ಜಿ' ಎಂಬ ಫಲಕವನ್ನೇ ಹುಡುಕಬೇಡಿ. ಉಬ್ಬಸಕ್ಕೆ ಶ್ವಾಸಕೋಶ ತಜ್ಞರು, ಸೀನು-ನೆಗಡಿಗೆ ಇಎನ್‌ಟಿ, ದದ್ದು-ತುರಿಕೆಗೆ ಚರ್ಮರೋಗ ವಿಭಾಗ, ಮಕ್ಕಳಿಗೆ ಮಕ್ಕಳ ವೈದ್ಯರು. ಅಲ್ಲಿ ಸಿಗದ, ಯೋಜನೆಯಲ್ಲಿರುವ ಚಿಕಿತ್ಸೆ ಬೇಕಾದರೆ ರೆಫರಲ್ ಪತ್ರ ಕೇಳಿ ಪಡೆಯಿರಿ. ಖಾಸಗಿ ಆಸ್ಪತ್ರೆ ನೋಂದಾಯಿತವಾಗಿದ್ದರೂ ಎಲ್ಲ ವಿಭಾಗಗಳಿಗೂ ಆಗಿರುವುದಿಲ್ಲ. ದಾಖಲಾಗುವ ಮೊದಲೇ ಅಲ್ಲಿನ ಆರೋಗ್ಯ ಮಿತ್ರರನ್ನು ವಿಚಾರಿಸಿ, ಅಥವಾ 14555ಕ್ಕೆ ಕರೆ ಮಾಡಿ.

ಗಾರ್ಮೆಂಟ್ಸ್, ಕಾರ್ಖಾನೆ, ಅಂಗಡಿಗಳಲ್ಲಿ ದುಡಿಯುವವರ ಸಂಬಳದಲ್ಲಿ ಇಎಸ್‌ಐ ಕಡಿತವಾಗುತ್ತಿದೆಯೇ ನೋಡಿ. ಇಎಸ್‌ಐಯಲ್ಲಿ ಹೊರರೋಗಿ ಚಿಕಿತ್ಸೆ ಮತ್ತು ಔಷಧವೂ ಸೇರಿದೆ. ಹೆಂಡತಿ ಮಕ್ಕಳಿಗೂ ಅನ್ವಯಿಸುತ್ತದೆ. ನಿಮ್ಮ ಡಿಸ್ಪೆನ್ಸರಿಯಿಂದಲೇ ತಜ್ಞರ ಬಳಿಗೆ ಕಳುಹಿಸುತ್ತಾರೆ. ಮನೆಯಲ್ಲಿ ಈ ಹಕ್ಕು ಇದ್ದೂ ಸಾಲ ಮಾಡಿ ಖಾಸಗಿಗೆ ಹೋಗುವ ಅಗತ್ಯವಿಲ್ಲ.

ಹೋಗುವಾಗ ರೇಷನ್ ಕಾರ್ಡ್, ಆಧಾರ್, ಹಳೆಯ ಚೀಟಿಗಳು, ಸೇವಿಸುತ್ತಿರುವ ಮಾತ್ರೆಗಳು ಜೊತೆಗಿರಲಿ. ಚರ್ಮದ ಪರೀಕ್ಷೆಗೆ ಕೆಲವು ದಿನ ಮೊದಲೇ ಅಲರ್ಜಿ ಮಾತ್ರೆ ನಿಲ್ಲಿಸಬೇಕಾಗುತ್ತದೆ. ಯಾವುದನ್ನು, ಯಾವಾಗ ಎಂಬುದನ್ನು ವೈದ್ಯರೇ ಹೇಳಲಿ. ಇನ್ಹೇಲರ್ ಅನ್ನಂತೂ ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು.

ತುಟಿ, ನಾಲಿಗೆ ಊದಿಕೊಂಡು ಉಸಿರು ಕಟ್ಟಿದರೆ ಮಾತ್ರ ಕಾಗದಪತ್ರ ಹುಡುಕುತ್ತಾ ಕೂರಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆ ಸೇರಿ. ತುರ್ತು ಚಿಕಿತ್ಸೆಗೆ ರೆಫರಲ್ ಪತ್ರ ಬೇಕಿಲ್ಲ.

ಅರ್ಜಿ ಓದಲಾಗದ ಹಿರಿಯರು, ವಿಧವೆಯರು ಪ್ರತಿ ಮೊಹಲ್ಲಾದಲ್ಲೂ ಇದ್ದಾರೆ. ಜುಮಾ ನಮಾಝಿನ ಬಳಿಕ ಜಮಾಅತ್‌ನ ಇಬ್ಬರು ಯುವಕರು ಅರ್ಧ ಗಂಟೆ ಕುಳಿತು ಅವರ ಕಾರ್ಡ್ ನೋಡಿಕೊಟ್ಟರೆ ಅದೂ ಸದಕಾ. ಅಲ್ಲಾಹನು ನಮ್ಮ ರೋಗಿಗಳಿಗೆ ಶಿಫಾ ಕರುಣಿಸಲಿ. ಆಮೀನ್.